ಅಟ್ಲಾಂಟಿಕ್ ತಂತಿಯ ಸೋಲುಗಳು: ಉದ್ಯಮದಲ್ಲಿ ಛಲವೆಂಬುದರ ವಿಚಾರ

ಚರಿತ್ರೆಯ ತರಗತಿಯಲ್ಲಿ ಉದ್ಯಮಿಗಳ ವೃತ್ತಾಂತವನ್ನು ಹೇಳಬೇಕಾಗಿ ಬಂದಾಗಲೆಲ್ಲ ಅಧ್ಯಾಪಕನಾದವನಿಗೆ ಒಂದು ಬಗೆಯ ಸಂಕೋಚವುಂಟಾಗುತ್ತದೆ. ಸೋತನು, ಎದೆಗುಂದಲಿಲ್ಲ, ಮರಳಿ ಪ್ರಯತ್ನಿಸಿದನು, ಗೆದ್ದನು—ಹೀಗೆ ನಾಲ್ಕು ಕ್ರಿಯಾಪದಗಳಲ್ಲಿ ಮುಗಿದುಹೋಗುವ ಕಥೆಯನ್ನು ಹೇಳುವುದು ಸುಲಭ. ಕೇಳುವವರಿಗೂ ಅದು ಹಿತವಾಗಿರುತ್ತದೆ. ಆದರೆ ಎದೆಗುಂದದೆ ಮರಳಿ ಮರಳಿ ಪ್ರಯತ್ನಿಸಿ, ಮನೆಮಾರು ಕಳೆದುಕೊಂಡು, ಕೊನೆಯವರೆಗೂ ಸೋಲನ್ನೇ ಕಂಡವರು ಲೋಕದಲ್ಲಿ ಎಷ್ಟು ಮಂದಿ! ಅವರ ಹೆಸರುಗಳು ಪಠ್ಯಪುಸ್ತಕಗಳನ್ನು ಸೇರುವುದಿಲ್ಲವಾದುದರಿಂದ ನಮ್ಮ ಲೆಕ್ಕ ತಪ್ಪುತ್ತದೆ. ಛಲವೊಂದೇ ಗೆಲುವಿಗೆ ಸಾಕಾದ ಕಾರಣವಾಗಿದ್ದ ಪಕ್ಷದಲ್ಲಿ ಇವರೂ ಗೆಲ್ಲಬೇಕಾಗಿತ್ತಷ್ಟೆ.

ಕಳೆದ ವರ್ಷ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದು ಒಂದು ಪ್ರಶ್ನೆ ಕೇಳಿದನು. ಅವನ ತಂದೆ ಊರಿನಲ್ಲಿ ನಡೆಸುತ್ತಿದ್ದ ಎಣ್ಣೆಯ ಮಿಲ್ಲು ಎರಡನೆಯ ಸಲ ನಿಂತುಹೋಗಿತ್ತೆಂದೂ, ಜಮೀನನ್ನು ಅಡವಿಟ್ಟು ಮೂರನೆಯ ಸಲ ತೆರೆಯುವ ಮಾತು ಮನೆಯಲ್ಲಿ ನಡೆದಿತ್ತೆಂದೂ ಅನಂತರ ತಿಳಿಯಿತು. “ಸರ್, ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಸೋತ ಹೊತ್ತಿನಲ್ಲಿ ಗೊತ್ತುಮಾಡುವುದು ಹೇಗೆ?” ಎಂಬುದು ಅವನ ಪ್ರಶ್ನೆ. ಆ ದಿನ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಒಂದು ಪ್ರಸಿದ್ಧವಾದ ಉದ್ಯಮದ ಚರಿತ್ರೆಯನ್ನು ಮತ್ತೊಮ್ಮೆ ಪರಿಶೀಲಿಸುವ ಯತ್ನವಾಗಿದೆ.

ಛಲವೆಂಬ ಶಬ್ದ ನಮ್ಮ ಭಾಷೆಯಲ್ಲಿ ಇಬ್ಬಾಯಿಯ ಖಡ್ಗದಂತಿದೆ. ವ್ಯವಹಾರದಲ್ಲಿ ಅದನ್ನು ಗುಣವೆಂದು ಹೊಗಳುತ್ತೇವೆ. ಆದರೆ ಪಂಪನು ತನ್ನ ಭಾರತದಲ್ಲಿ ಆ ಗುಣಕ್ಕೆ ಮೇಲ್ಪಂಕ್ತಿಯಾಗಿ ಎತ್ತಿ ಹೇಳಿದ್ದು ಧರ್ಮರಾಯನನ್ನಲ್ಲ, ದುರ್ಯೋಧನನನ್ನು. ಕವಿಗೆ ಆ ಛಲದಲ್ಲಿ ಮೆಚ್ಚುಗೆಯೂ ಇತ್ತು. ಅದು ಕುಲವನ್ನೇ ಅಳಿಸಿತೆಂಬ ಅರಿವೂ ಇತ್ತು. ಉದ್ಯಮದ ಚರಿತ್ರೆಯನ್ನು ಬರೆಯುವವರು ಈ ಎರಡು ಮುಖಗಳಲ್ಲಿ ಒಂದನ್ನು ಮಾತ್ರ ನೋಡುವುದು ವಾಡಿಕೆಯಾಗಿದೆ.

ಅಟ್ಲಾಂಟಿಕ್ ಸಾಗರದ ಅಡಿಯಲ್ಲಿ ಟೆಲಿಗ್ರಾಫ್ ತಂತಿಯನ್ನು ಹಾಸಿದ ವೃತ್ತಾಂತವನ್ನು ಇಲ್ಲಿ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. 1857ರಿಂದ 1866ರವರೆಗೆ ನಡೆದ ಈ ಉದ್ಯಮದಲ್ಲಿ ಸೋಲುಗಳು ಒಂದಾದಮೇಲೊಂದರಂತೆ ಬಂದವು. ಪ್ರತಿಯೊಂದು ಸೋಲಿನ ತೇದಿ, ಸ್ಥಳ, ಆಳ, ನಷ್ಟ ಇವೆಲ್ಲವೂ ದಾಖಲೆಯಾಗಿವೆ. ಸಾಮಾನ್ಯವಾಗಿ ಸೋತವರು ಲೆಕ್ಕದ ಪುಸ್ತಕಗಳನ್ನು ಉಳಿಸಿ ಹೋಗುವುದಿಲ್ಲ. ಇಲ್ಲಿ ಅವು ಉಳಿದಿವೆ.

ಉದ್ಯಮದ ಮುಖ್ಯ ಪುರುಷ ಸೈರಸ್ ವೆಸ್ಟ್ ಫೀಲ್ಡ್. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟಾಕ್‌ಬ್ರಿಜ್ ಎಂಬ ಊರಿನ ಪಾದ್ರಿಯ ಮಗನಾಗಿ 1819ರಲ್ಲಿ ಹುಟ್ಟಿ, ಹದಿನೈದನೆಯ ವಯಸ್ಸಿನಲ್ಲಿ ನ್ಯೂಯಾರ್ಕಿಗೆ ಬಂದು ಜವಳಿ ಅಂಗಡಿಯೊಂದರಲ್ಲಿ ವರ್ಷಕ್ಕೆ 50 ಡಾಲರಿನ ಹುಡುಗನಾಗಿ ಸೇರಿದನು. ಮುಂದೆ ಕಾಗದದ ವ್ಯಾಪಾರಕ್ಕೆ ಇಳಿದು ಒಂದು ಕಂಪೆನಿಯಲ್ಲಿ ಕಿರಿಯ ಪಾಲುದಾರನಾದನು. 1841ರಲ್ಲಿ ಆ ಕಂಪೆನಿ ದಿವಾಳಿಯಾಯಿತು. ಸಾಲ ಕೊಟ್ಟವರು ಡಾಲರಿಗೆ 30 ಸೆಂಟುಗಳಂತೆ ತೆಗೆದುಕೊಂಡು ಚುಕ್ತಾ ಮಾಡಿಕೊಂಡರು. ಕಾನೂನಿನ ಪ್ರಕಾರ ಋಣ ಅಲ್ಲಿಗೆ ತೀರಿತು. ಆದರೆ ಫೀಲ್ಡನು ತನ್ನದೇ ಆದ ಕಾಗದದ ವ್ಯಾಪಾರದಿಂದ ಹಣ ಕೂಡಿಸಿ, ಸುಮಾರು ಹನ್ನೆರಡು ವರ್ಷಗಳ ಅನಂತರ ಆ ಹಳೆಯ ಸಾಲಗಳನ್ನು ಬಡ್ಡಿ ಸಹಿತ ಹಿಂದಿರುಗಿಸಿದನು. ಈ ಸಂಗತಿಯನ್ನು ಅವನ ಸಚ್ಚಾರಿತ್ರ್ಯಕ್ಕೆ ನಿದರ್ಶನವಾಗಿ ಹೇಳುವುದುಂಟು, ಅದು ನಿಜವೇ. ಅದರ ಜೊತೆಗೆ ಅದು ಅವನ ಬಂಡವಾಳವೂ ಆಯಿತು. ಮುಂದೆ ಹತ್ತು ವರ್ಷಗಳ ಕಾಲ ಲಂಡನ್ನಿನ ಮತ್ತು ನ್ಯೂಯಾರ್ಕಿನ ಹಣವಂತರು, ಸೋತು ಬಂದ ಈ ಮನುಷ್ಯನಿಗೆ ಬಾಗಿಲು ತೆರೆಯುತ್ತಲೇ ಇದ್ದರೆಂಬುದನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ಅಗತ್ಯ.

1854ರ ಆರಂಭದಲ್ಲಿ ಫ್ರೆಡರಿಕ್ ಗಿಸ್ಬೋರ್ನ್ ಎಂಬ ಇಂಜಿನಿಯರ್ ಅವನ ಮನೆಗೆ ಬಂದನು. ಕೆನಡಾದ ಪೂರ್ವಕ್ಕಿರುವ ನ್ಯೂಫೌಂಡ್‌ಲೆಂಡ್ ದ್ವೀಪದ ಅಡ್ಡಕ್ಕೆ ತಂತಿ ಎಳೆಯಹೊರಟು ದಿವಾಳಿಯಾಗಿದ್ದವನು ಈತ. ಯುರೋಪಿನ ಹಡಗುಗಳು ತಂದ ಸುದ್ದಿಯನ್ನು ಆ ದ್ವೀಪದಿಂದ ತಂತಿಯ ಮೂಲಕ ನ್ಯೂಯಾರ್ಕಿಗೆ ಕಳುಹಿಸಿದರೆ ಕೆಲವು ದಿನಗಳು ಉಳಿಯುತ್ತವೆಂಬುದಷ್ಟೇ ಅವನ ಯೋಜನೆ. ಅವನು ಹೋದಮೇಲೆ ಫೀಲ್ಡನು ಮನೆಯಲ್ಲಿದ್ದ ಭೂಗೋಳವನ್ನು ತಿರುಗಿಸಿ ನೋಡುತ್ತ, ದ್ವೀಪದವರೆಗೆ ಹೋದ ತಂತಿ ಐರ್ಲೆಂಡಿನವರೆಗೆ ಏಕೆ ಹೋಗಬಾರದೆಂದು ಯೋಚಿಸಿದನಂತೆ. ಅಮೆರಿಕದ ನೌಕಾದಳದ ಮೋರಿ ಎಂಬ ಅಧಿಕಾರಿಯು, ಆ ಎರಡು ತೀರಗಳ ನಡುವೆ ಕಡಲತಳ ಬಹುಮಟ್ಟಿಗೆ ಸಮನಾಗಿದೆಯೆಂದು ಆಳದ ಅಳತೆಗಳಿಂದ ಕಂಡುಕೊಂಡಿದ್ದನು. ಕೂಡಲೆ ಕಂಪೆನಿ ಸ್ಥಾಪಿತವಾಯಿತು. ದ್ವೀಪದ ಕಾಡು ಜೌಗುಗಳ ನಡುವೆ ನಾನೂರು ಮೈಲಿ ತಂತಿ ಎಳೆಯುವುದರಲ್ಲಿಯೇ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಳೆಯಿತು. 1855ರಲ್ಲಿ ದ್ವೀಪಕ್ಕೂ ಕೇಪ್ ಬ್ರೆಟನ್ನಿಗೂ ನಡುವಣ ಕಿರುಗಡಲಲ್ಲಿ ಹಾಸಹೊರಟ ತಂತಿಯನ್ನು ಬಿರುಗಾಳಿಯ ನಡುವೆ ಕತ್ತರಿಸಿ ಬಿಡಬೇಕಾಯಿತು. ಮರುವರ್ಷ ಆ ಕೆಲಸ ಕೈಗೂಡಿತು. ಇದಿನ್ನೂ ಪೀಠಿಕೆ ಮಾತ್ರ.

1856ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪೆನಿ ಹುಟ್ಟಿತು. ಬಂಡವಾಳ ಮೂರೂವರೆ ಲಕ್ಷ ಪೌಂಡು; ತಲಾ ಸಾವಿರ ಪೌಂಡಿನ 350 ಷೇರುಗಳು. ಇವುಗಳಲ್ಲಿ 88 ಷೇರುಗಳನ್ನು ಫೀಲ್ಡನೇ ತೆಗೆದುಕೊಂಡನು. ತನ್ನ ದೇಶದವರು ಇವನ್ನು ಕೊಳ್ಳುವರೆಂಬ ಅವನ ನಂಬಿಕೆ ಸುಳ್ಳಾಯಿತು. ಮೂರರಲ್ಲೊಂದು ಪಾಲೂ ಅಲ್ಲಿ ಮಾರಾಟವಾಗಲಿಲ್ಲ. ಬ್ರಿಟಿಷ್ ಸರ್ಕಾರವು ವರ್ಷಕ್ಕೆ 14,000 ಪೌಂಡುಗಳ ಸಹಾಯವನ್ನೂ ಹಡಗುಗಳನ್ನೂ ಕೊಡಲು ಒಪ್ಪಿತು. ಅಮೆರಿಕದ ಸೆನೆಟ್ಟಿನಲ್ಲಿ ಇಂಥದೇ ಮಸೂದೆ ಒಂದೇ ಒಂದು ಮತದ ಅಂತರದಿಂದ ಪಾರಾಯಿತು.

ಮುಂದಿನ ಬೇಸಗೆಯಲ್ಲಿಯೇ ತಂತಿ ಹಾಸುವುದಾಗಿ ಫೀಲ್ಡನು ಮಾತು ಕೊಟ್ಟಿದ್ದನು. ಈ ಅವಸರವನ್ನು ಗಮನಿಸಬೇಕು. ಮುಂದಿನ ಅನರ್ಥಗಳಿಗೆಲ್ಲ ಇದು ತಾಯಿಬೇರು. ಕಂಪೆನಿಯ ಇಂಜಿನಿಯರನಾದ ಇಪ್ಪತ್ತನಾಲ್ಕು ವರ್ಷದ ಚಾರ್ಲ್ಸ್ ಬ್ರೈಟನು ಹೆಚ್ಚು ದಪ್ಪನಾದ ತಾಮ್ರದ ತಂತಿ ಬೇಕೆಂದು ಅಭಿಪ್ರಾಯಪಟ್ಟಿದ್ದನು. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೂ ಕಂಪೆನಿಯ ನಿರ್ದೇಶಕರಲ್ಲೊಬ್ಬನೂ ಆದ ವಿಲಿಯಂ ಥಾಮ್ಸನ್ನನು—ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದವನು—ಗಣಿತದ ಆಧಾರದಿಂದ ಅದನ್ನೇ ಹೇಳುತ್ತಿದ್ದನು. ಆದರೆ ಅಷ್ಟರೊಳಗೆ ತೆಳುವಾದ ತಂತಿಗೆ ಆರ್ಡರು ಹೋಗಿಬಿಟ್ಟಿತ್ತು. ಕಾಲ ಉಳಿಸಲೆಂದು ಕೆಲಸವನ್ನು ಎರಡು ಕಾರ್ಖಾನೆಗಳಿಗೆ ಹಂಚಿದರು. ತಂತಿಯ ಹೊರಗವಚವಾದ ಕಬ್ಬಿಣದ ಎಳೆಗಳನ್ನು ಒಂದು ಕಾರ್ಖಾನೆ ಬಲಕ್ಕೆ ಹೊಸೆದಿದ್ದರೆ ಇನ್ನೊಂದು ಎಡಕ್ಕೆ ಹೊಸೆದಿತ್ತು! ಎರಡು ಅರ್ಧಗಳನ್ನು ಕಟ್ಟಿ ಇಳಿಬಿಟ್ಟರೆ ಹುರಿ ತಾನಾಗಿಯೇ ಬಿಚ್ಚಿಕೊಳ್ಳಬೇಕು. ಇದು ತಿಳಿದುಬಂದದ್ದು ಎಲ್ಲ ಮುಗಿದ ಮೇಲೆ. ಜೋಡಣೆಯ ಸ್ಥಳದಲ್ಲಿ ವಿಶೇಷವಾದ ಮರದ ಚೌಕಟ್ಟನ್ನು ಬಿಗಿದು ಹೇಗೋ ಸರಿಪಡಿಸಿದರು.

1857ರ ಆಗಸ್ಟಿನಲ್ಲಿ ಐರ್ಲೆಂಡಿನ ವಾಲೆನ್ಷಿಯಾ ತೀರದಿಂದ ಹಡಗುಗಳು ಹೊರಟವು. ಇಡೀ ತಂತಿಯನ್ನು ಹೊರಬಲ್ಲ ಒಂದೇ ಹಡಗು ಇಲ್ಲದಿದ್ದುದರಿಂದ ಬ್ರಿಟಿಷ್ ಯುದ್ಧನೌಕೆ ಅಗಮೆಮ್ನಾನ್ ಅರ್ಧವನ್ನೂ, ಅಮೆರಿಕದ ನಯಾಗರ ಅರ್ಧವನ್ನೂ ಹೊತ್ತಿದ್ದವು. ಆಗಸ್ಟ್ 11ರ ಬೆಳಗಿನ ಜಾವ, ಮುನ್ನೂರಕ್ಕೂ ಹೆಚ್ಚು ಮೈಲಿ ತಂತಿ ಇಳಿದಿದ್ದಾಗ, ಅಲೆಯ ಮೇಲೆ ಹಡಗಿನ ಹಿಂಭಾಗ ಏರಿದ ಕ್ಷಣದಲ್ಲಿ ಬಿರಿಯನ್ನು ಸಡಿಲಿಸಬೇಕಾಗಿದ್ದವನು ಸಡಿಲಿಸಲಿಲ್ಲ. ತಂತಿ ತುಂಡಾಗಿ ಎರಡು ಸಾವಿರ ಮಾರು ಆಳಕ್ಕೆ ಇಳಿದುಹೋಯಿತು.

ಮರುವರ್ಷ ಜೂನಿನಲ್ಲಿ ಎರಡನೆಯ ಯತ್ನ. ಈ ಸಲ ಬಿರಿಯನ್ನು ಸುಧಾರಿಸಿ, ಎಳೆತ ಮಿತಿಮೀರಿದರೆ ತಾನಾಗಿಯೇ ಸಡಿಲಾಗುವಂತೆ ಮಾಡಿದ್ದರು. ಸಾಗರದ ನಡುವೆ ಎರಡು ಹಡಗುಗಳೂ ಸಂಧಿಸಿ, ತಂತಿಯ ತುದಿಗಳನ್ನು ಬೆಸೆದು, ವಿರುದ್ಧ ದಿಕ್ಕುಗಳಿಗೆ ಸಾಗಬೇಕೆಂಬುದು ಹೊಸ ಯೋಜನೆ. ದಾರಿಯಲ್ಲಿ ಒಂದು ವಾರಕ್ಕೂ ಮೀರಿ ಬೀಸಿದ ಬಿರುಗಾಳಿಗೆ ಅಗಮೆಮ್ನಾನ್ ಮುಳುಗುವುದೊಂದೇ ಬಾಕಿ. ಅನಂತರ ತಂತಿ ಮೂರು ಸಲ ಕಡಿಯಿತು. ಹಡಗುಗಳು ಹಿಂದಿರುಗಿದಾಗ ನಿರ್ದೇಶಕರ ಸಭೆಯಲ್ಲಿ ಅಧ್ಯಕ್ಷನೇ ಉಳಿದ ತಂತಿಯನ್ನು ಮಾರಿ ಕಂಪೆನಿಯನ್ನು ಮುಚ್ಚೋಣವೆಂದನು; ಉಪಾಧ್ಯಕ್ಷನು ರಾಜೀನಾಮೆ ಕೊಟ್ಟು ನಡೆದನು. ಫೀಲ್ಡ್, ಥಾಮ್ಸನ್, ಬ್ರೈಟರು ಹಟ ಹಿಡಿದು ಇನ್ನೊಂದು ಯತ್ನಕ್ಕೆ ಒಪ್ಪಿಗೆ ಪಡೆದರು. ಜುಲೈಯಲ್ಲಿ ಯಾವ ಗದ್ದಲವೂ ಇಲ್ಲದೆ ಹೊರಟ ಹಡಗುಗಳು 1858ರ ಆಗಸ್ಟ್ 5ರಂದು ಎರಡು ತೀರಗಳಿಗೂ ತಂತಿಯನ್ನು ಮುಟ್ಟಿಸಿದವು.

ಬಹುತೇಕ ಜನಪ್ರಿಯ ಕಥನಗಳು ಇಲ್ಲಿ ಉಸಿರೆಳೆದುಕೊಳ್ಳುತ್ತವೆ. ವಿಕ್ಟೋರಿಯಾ ರಾಣಿಯ ಸಂದೇಶ ಅಮೆರಿಕದ ಅಧ್ಯಕ್ಷ ಬ್ಯೂಕ್ಯಾನನ್ನನಿಗೆ ತಲಪಿತು. ನ್ಯೂಯಾರ್ಕಿನ ಬಾಣಬಿರುಸುಗಳ ಸಂಭ್ರಮದಲ್ಲಿ ನಗರಸಭಾಭವನದ ಮೇಲ್ಗೋಪುರಕ್ಕೇ ಬೆಂಕಿ ಹತ್ತಿತು. ಮಿಕ್ಕ ತಂತಿಯ ತುಣುಕುಗಳನ್ನು ಆಭರಣದ ವ್ಯಾಪಾರಿಗಳು ಸ್ಮಾರಕವೆಂದು ಮಾರಿದರು. ಆದರೆ ರಾಣಿಯ ಆ 98 ಶಬ್ದಗಳು ದಾಟಲು ಹದಿನಾರು ಗಂಟೆಗಳು ಹಿಡಿದುವೆಂಬುದನ್ನು ಮೆರವಣಿಗೆಯಲ್ಲಿದ್ದವರು ಅರಿಯರು. ಸೆಪ್ಟೆಂಬರ್ 1ರಂದು ನಗರವು ಫೀಲ್ಡನನ್ನು ರಥೋತ್ಸವದಂತೆ ಮೆರೆಸುತ್ತಿದ್ದ ದಿನವೇ ತಂತಿ ಮಾತು ನಿಲ್ಲಿಸುತ್ತಿತ್ತು. ಮುಂದಿನ ಕೆಲವು ವಾರಗಳಲ್ಲಿ ಅದು ಪೂರ್ತಿಯಾಗಿ ಸತ್ತಿತು. ಸಂದೇಶ ಬಂದದ್ದೇ ಸುಳ್ಳು, ಇದೆಲ್ಲ ಷೇರುಪೇಟೆಯ ಮೋಸ ಎಂದು ಬರೆದ ಪತ್ರಿಕೆಗಳೂ ಉಂಟು.

ಆ ಅಲ್ಪಾಯುಷ್ಯದಲ್ಲಿಯೂ ತಂತಿ ಮಾಡಿದ ಒಂದು ಉಪಕಾರ ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಭಾರತದಲ್ಲಿ 1857ರ ಸಂಗ್ರಾಮವನ್ನು ಅಡಗಿಸುವ ಸಲುವಾಗಿ ಕೆನಡಾದಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟುಗಳಿಗೆ ಹೊರಡುವಂತೆ ಅಂಚೆಯಲ್ಲಿ ಆಜ್ಞೆ ಹೋಗಿತ್ತು. ಅಷ್ಟರಲ್ಲಿ ಅವರ ಅಗತ್ಯ ತಪ್ಪಿದುದರಿಂದ, ಹೊರಡಬೇಡಿರೆಂಬ ಆಜ್ಞೆಯನ್ನು ಆಗಸ್ಟ್ 31ರಂದು ತಂತಿಯಲ್ಲಿ ಕಳುಹಿಸಿ ಸರ್ಕಾರವು ಸುಮಾರು 50,000 ಪೌಂಡುಗಳನ್ನು ಉಳಿಸಿಕೊಂಡಿತು. ನಮ್ಮವರ ಸೋಲೇ ಆ ತಂತಿ ಗಳಿಸಿದ ಒಂದೇ ದೊಡ್ಡ ಲಾಭವೆಂಬುದನ್ನು ಭಾರತೀಯ ಓದುಗನು ಬೇರೆಯದೇ ಮನಸ್ಸಿನಿಂದ ಓದುತ್ತಾನೆ.

ತಂತಿ ಸತ್ತದ್ದು ಏಕೆ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂಬಗಳ ಮೇಲಿನ ತಂತಿಗೂ ಕಡಲಡಿಯ ತಂತಿಗೂ ಸ್ವಭಾವದಲ್ಲಿಯೇ ಭೇದವಿದೆ. ಒಳಗೆ ತಾಮ್ರ, ಸುತ್ತ ಗಟ್ಟಾಪರ್ಚಾ ಎಂಬ ಮರದ ಹಾಲಿನ ಹೊದಿಕೆ, ಹೊರಗೆ ಉಪ್ಪುನೀರು—ಈ ಮೂರೂ ಕೂಡಿದಾಗ ಇಡೀ ತಂತಿಯು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಉದ್ದನೆಯ ಪಾತ್ರೆಯಂತಾಗುತ್ತದೆ. ಒಂದು ತುದಿಯಲ್ಲಿ ತುಂಬಿದ್ದು ಇನ್ನೊಂದು ತುದಿಯಲ್ಲಿ ತತ್‌ಕ್ಷಣ ಕಾಣಿಸದೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಅವಸರಪಟ್ಟರೆ ಒಂದು ಸಂಕೇತದ ಬಾಲ ಇನ್ನೊಂದರ ತಲೆಗೆ ತಗಲುತ್ತದೆ. ಈ ವಿಳಂಬವು ಉದ್ದದ ವರ್ಗಕ್ಕನುಗುಣವಾಗಿ ಬೆಳೆಯುತ್ತದೆಂದು ಥಾಮ್ಸನ್ನನು 1854ರಲ್ಲಿಯೇ ಗಣಿಸಿದ್ದನು. ಎಂದರೆ ಉದ್ದ ಹತ್ತರಷ್ಟಾದರೆ ತಡ ನೂರರಷ್ಟು. ಇದಕ್ಕೆ ಪರಿಹಾರ: ತಾಮ್ರ ದಪ್ಪಗಿರಬೇಕು, ಶುದ್ಧವಾಗಿರಬೇಕು, ಹೊದಿಕೆಯೂ ದಪ್ಪಗಿರಬೇಕು, ಪ್ರವಾಹ ಮೃದುವಾಗಿದ್ದು, ಅದನ್ನು ಗ್ರಹಿಸುವ ಯಂತ್ರ ಸೂಕ್ಷ್ಮವಾಗಿರಬೇಕು. ಅಂಥ ಯಂತ್ರವನ್ನು ಅವನೇ ರಚಿಸಿದನು: ಕೂದಲೆಳೆಯಷ್ಟು ಹಗುರಾದ ತೂಗಿನಲ್ಲಿ ಪುಟ್ಟ ಕನ್ನಡಿ, ಅತ್ಯಲ್ಪ ಪ್ರವಾಹಕ್ಕೂ ಅದು ತಿರುಗಿದಾಗ ಅದರಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಸರಿಯುತ್ತದೆ.

ಕಂಪೆನಿಯ ವಿದ್ಯುತ್ ಶಾಖೆಯ ಮುಖ್ಯಸ್ಥ ವೈಟ್‌ಹೌಸ್ ಎಂಬವನು ವೃತ್ತಿಯಿಂದ ಶಸ್ತ್ರವೈದ್ಯ. ಅವನಿಗೆ ಈ ಗಣಿತದಲ್ಲಿ ನಂಬಿಕೆಯಿರಲಿಲ್ಲ. ಸಂಕೇತ ದುರ್ಬಲವಾದಷ್ಟೂ ಪ್ರವಾಹದ ಒತ್ತಡವನ್ನು ಏರಿಸಬೇಕೆಂಬುದು ಅವನ ಮತ. ಐದು ಅಡಿ ಉದ್ದದ ಸುರುಳಿಯಂತ್ರಗಳಿಂದ ಸುಮಾರು ಎರಡು ಸಾವಿರ ವೋಲ್ಟುಗಳಷ್ಟನ್ನು ತಂತಿಗೆ ನುಗ್ಗಿಸಿದನು. ಬಿಸಿಲಿನಲ್ಲಿ ಬಿದ್ದಿದ್ದಾಗ ಹೊದಿಕೆ ಮೆತ್ತಗಾಗಿ ಹಲವೆಡೆ ತಾಮ್ರ ನಡುವಿನಿಂದ ಸರಿದಿದ್ದ ಆ ಬಡಪಾಯಿ ತಂತಿಗೆ ಇದೇ ಮರಣದಂಡನೆಯಾಯಿತು. ಸಾಮಾನ್ಯ ಮಾತಿನಲ್ಲಿ ನಾವು ಛಲವೆನ್ನುವುದರ ಕೆಟ್ಟ ರೂಪವನ್ನು ವೈಟ್‌ಹೌಸನ ಯಂತ್ರದಲ್ಲಿ ಕಣ್ಣಾರೆ ಕಾಣಬಹುದು: ಉತ್ತರ ಬಾರದಿದ್ದರೆ ಅದೇ ಬಾಗಿಲನ್ನು ಇನ್ನೂ ಜೋರಾಗಿ ಗುದ್ದುವುದು. ಆದರೆ ದೋಷವನ್ನೆಲ್ಲ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಾಸುವ ಮೊದಲೇ ತಂತಿ ಕೆಟ್ಟಿತ್ತು. ಅದನ್ನು ಕೆಡಿಸಿದ್ದು ಫೀಲ್ಡನ ಅವಸರ. 1857–58ರ ಫೀಲ್ಡನೂ ವೈಟ್‌ಹೌಸನೂ ಈ ದೃಷ್ಟಿಯಿಂದ ಸೋದರರೇ.

1858ಕ್ಕೂ 1865ಕ್ಕೂ ನಡುವೆ ಏಳು ವರ್ಷಗಳಿವೆ. ಹಡಗಿಲ್ಲ, ಬಿರುಗಾಳಿಯಿಲ್ಲ, ಮೆರವಣಿಗೆಯಿಲ್ಲ. ಆದುದರಿಂದ ಕಥೆ ಹೇಳುವವರು ಇವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಉದ್ಯಮದ ನಿಜವಾದ ಚರಿತ್ರೆಯಿರುವುದು ಇಲ್ಲಿಯೇ.

ಬ್ರಿಟಿಷ್ ಸರ್ಕಾರಕ್ಕೆ ಇನ್ನೊಂದು ಪೆಟ್ಟು ಬಿದ್ದಿತ್ತು. ಭಾರತದೊಡನೆ ಶೀಘ್ರ ಸಂಪರ್ಕ ಬೇಕೆಂದು, ಸೂಯೆಜ್‌ನಿಂದ ಕೆಂಪು ಸಮುದ್ರದ ಮೂಲಕ ಏಡನ್, ಅಲ್ಲಿಂದ ಕರಾಚಿಯವರೆಗೆ 1859–60ರಲ್ಲಿ ತಂತಿ ಹಾಕಿಸಿ, ಬಂಡವಾಳಕ್ಕೆ ಶೇಕಡ ನಾಲ್ಕೂವರೆಯಂತೆ ಐವತ್ತು ವರ್ಷಗಳ ಬಡ್ಡಿಗೆ ಸರ್ಕಾರವು ಹೊಣೆಯಾಗಿತ್ತು. ತಂತಿ ಕೆಲಸ ಮಾಡಲಿ ಬಿಡಲಿ, ಬಡ್ಡಿ ಕೊಡಲೇಬೇಕೆಂಬುದು ಕರಾರು. ಸಡಿಲು ಬಿಡದೆ ಬಿಗಿಯಾಗಿ ಎಳೆದು ಹಾಸಿದ್ದ ಆ ತೆಳು ತಂತಿ ಕಡಲಡಿಯ ದಿಬ್ಬಗಳ ನಡುವೆ ತೂಗಾಡಿ, ತುಕ್ಕು ಹಿಡಿದು 1860ರಲ್ಲಿಯೇ ನಾಶವಾಯಿತು. ಎಂಟು ಲಕ್ಷ ಪೌಂಡು ನೀರುಪಾಲು; ವರ್ಷಕ್ಕೆ 36,000 ಪೌಂಡು ಬಡ್ಡಿಯ ದಂಡ. ಅಲ್ಲಿಯವರೆಗೆ ಲೋಕದಲ್ಲಿ ಹಾಸಿದ್ದ 11,364 ಮೈಲಿ ಕಡಲತಂತಿಯಲ್ಲಿ ಕೆಲಸ ಮಾಡುತ್ತಿದ್ದುದು ಸುಮಾರು 3,000 ಮೈಲಿ ಮಾತ್ರ.

ಹೀಗಿರಲು 1859ರಲ್ಲಿ ಸರ್ಕಾರದ ವ್ಯಾಪಾರ ಮಂಡಲಿಯೂ ಅಟ್ಲಾಂಟಿಕ್ ಕಂಪೆನಿಯೂ ಕೂಡಿ ಒಂದು ಜಂಟಿ ಸಮಿತಿಯನ್ನು ನೇಮಿಸಿದವು. ಕ್ಯಾಪ್ಟನ್ ಗಾಲ್ಟನ್ ಅದರ ಅಧ್ಯಕ್ಷ. ವೀಟ್‌ಸ್ಟನ್, ಫೇರ್‌ಬೇರ್ನ್, ವಾರ್ಲಿ, ಲ್ಯಾಟಿಮರ್ ಕ್ಲಾರ್ಕ್ ಮೊದಲಾದವರು ಸದಸ್ಯರು. ಸೋತವರೆಲ್ಲರನ್ನೂ ಕರೆಸಿ ಪ್ರಶ್ನಿಸಿದರು, ವೈಟ್‌ಹೌಸನನ್ನೂ ಬಿಡಲಿಲ್ಲ. ತಾಮ್ರದ ಶುದ್ಧತೆ, ಗಟ್ಟಾಪರ್ಚಾದ ಗುಣ, ಒತ್ತಡದಲ್ಲಿ ಅದರ ವರ್ತನೆ, ಹಗ್ಗದ ಬಲ, ಇಳಿಸುವ ವೇಗ ಇವೆಲ್ಲವನ್ನೂ ಪರೀಕ್ಷಿಸಿ 1861ರಲ್ಲಿ ಬೃಹತ್ತಾದ ವರದಿಯನ್ನು ಹೊರತಂದರು. ಅದರ ಸಾರ ಇಷ್ಟು: ಈವರೆಗಿನ ಸೋಲುಗಳ ಕಾರಣಗಳು ತಿಳಿಯಬಲ್ಲವು, ಮೊದಲೇ ಎಚ್ಚರಿಕೆಯಿಂದ ವಿಚಾರ ಮಾಡಿದ್ದರೆ ತಪ್ಪಿಸಬಹುದಾಗಿದ್ದವು. ಅದೇ ವರ್ಷ ಬ್ರಿಟಿಷ್ ಅಸೋಸಿಯೇಷನ್ ವಿದ್ಯುತ್ ನಿರೋಧಕ್ಕೆ ಒಂದು ಪ್ರಮಾಣ ಅಳತೆಯನ್ನು ಗೊತ್ತುಮಾಡಲು ಸಮಿತಿ ರಚಿಸಿತು. ಇಂದು ಪ್ರೌಢಶಾಲೆಯ ಹುಡುಗನೂ ಬಲ್ಲ ‘ಓಮ್’ ಎಂಬ ಮಾನದ ಹುಟ್ಟಿಗೆ ಈ ಸತ್ತ ತಂತಿಗಳೂ ಕಾರಣ.

ಆ ವಿದ್ಯಾರ್ಥಿಗೆ ಈ ಸಮಿತಿಯ ವಿಷಯವನ್ನು ನಾನು ಅನಂತರ ಒಮ್ಮೆ ಹೇಳಿದೆ. “ನಮ್ಮಲ್ಲಿ ಸಮಿತಿ ಎಲ್ಲಿದೆ ಸರ್? ಸಾಲ ಮಾತ್ರ ಇದೆ” ಎಂದನು. ಮಾತು ಸರಿಯಾದುದೇ. ಮಿಲ್ಲು ನಿಂತದ್ದು ಕಡಲೆಕಾಯಿಯ ಬೆಲೆ ಏರಿದ್ದರಿಂದಲೋ, ಯಂತ್ರದಿಂದಲೋ, ಸಾಲದ ಬಡ್ಡಿಯಿಂದಲೋ ಎಂದು ಕೇಳಿದಾಗ, ಮನೆಯಲ್ಲಿ ಅಪ್ಪ ಒಂದು ಹೇಳುತ್ತಾರೆ, ಚಿಕ್ಕಪ್ಪ ಇನ್ನೊಂದು ಹೇಳುತ್ತಾರೆ ಎಂದು ಸುಮ್ಮನಾದನು. ಸೋಲಿನ ಕಾರಣವನ್ನು ಬೇರ್ಪಡಿಸಿ ತಿಳಿಯುವುದಕ್ಕೂ ಹಣ ಬೇಕು, ಕಾಲ ಬೇಕು. ಅದು ಚಿಕ್ಕ ಉದ್ಯಮಿಗೆ ದೊರೆಯುವುದು ದುರ್ಲಭ. ಅಟ್ಲಾಂಟಿಕ್ ಕಂಪೆನಿಗೆ ಒಂದು ಸಾಮ್ರಾಜ್ಯದ ಅಗತ್ಯವೇ ಬೆನ್ನಿಗಿತ್ತೆಂಬುದನ್ನು ಮರೆತು ಫೀಲ್ಡನನ್ನು ಮಾದರಿಯಾಗಿ ತೋರಿಸುವುದು ಸರಿಯಲ್ಲ.

ಈ ವರ್ಷಗಳಲ್ಲಿ ಫೀಲ್ಡನು ಏನು ಮಾಡುತ್ತಿದ್ದನು? ಅವನ ಕಾಗದದ ಮಳಿಗೆ 1859ರಲ್ಲಿ ಬೆಂಕಿಗೆ ಆಹುತಿಯಾಯಿತು. 1860ರ ಡಿಸೆಂಬರಿನಲ್ಲಿ ಅವನು ಎರಡನೆಯ ಬಾರಿ ಪಾವತಿ ನಿಲ್ಲಿಸಿ, ಇದ್ದುದನ್ನೆಲ್ಲ ಅಡವಿಟ್ಟನು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿತು. ಹಡಗೇರಿದರೆ ತಲೆಸುತ್ತು ವಾಂತಿಗಳಿಂದ ನರಳುತ್ತಿದ್ದ ಈ ಮನುಷ್ಯ ಉದ್ಯಮದ ಸಲುವಾಗಿ ಅಟ್ಲಾಂಟಿಕ್ಕನ್ನು ದಾಟಿದ್ದು ಐವತ್ತಕ್ಕೂ ಮೀರಿದ ಸಲ. ಅವನಿಗೆ ವಿದ್ಯುಚ್ಛಾಸ್ತ್ರ ತಿಳಿಯದು. ತಿಳಿದವರ ಮಾತಿಗೆ ಈಗ ದಾರಿಬಿಟ್ಟನು. ಅವನಲ್ಲಿ ನಾನು ಮೆಚ್ಚುವ ಬದಲಾವಣೆ ಇದು. 1857ರಲ್ಲಿ ಬೇಸಗೆಯ ಗಡುವಿಗಾಗಿ ಬ್ರೈಟನ ಸಲಹೆಯನ್ನು ಬದಿಗಿಟ್ಟಿದ್ದ ಉದ್ಯಮವು ಈಗ ತಂತಿಯ ಮಾದರಿಗಳ ಪರೀಕ್ಷೆ ಮುಗಿಯುವವರೆಗೆ ಕಾದಿತು.

ಹೊಸ ತಂತಿಯ ತಾಮ್ರ ಕಡಲಮೈಲಿಯೊಂದಕ್ಕೆ 300 ಪೌಂಡು ತೂಕ; ಹಳೆಯದು 107. ಗಟ್ಟಾಪರ್ಚಾ 261ರಿಂದ 400 ಪೌಂಡಿಗೆ ಏರಿತು. ಹೊರಗೆ ಸೆಣಬು ಸುತ್ತಿದ ಹತ್ತು ಉಕ್ಕಿನ ಎಳೆಗಳು. ಹಣದ ವ್ಯವಸ್ಥೆಯಲ್ಲಿಯೂ ಬದಲಾವಣೆಯಾಯಿತು. ತಂತಿ ಮಾಡುವವರೂ ಹೊದಿಕೆ ಮಾಡುವವರೂ 1864ರಲ್ಲಿ ಜಾನ್ ಪೆಂಡರನ ಅಧ್ಯಕ್ಷತೆಯಲ್ಲಿ ಒಂದೇ ಕಂಪೆನಿಯಾಗಿ, ತಮ್ಮ ಕೂಲಿಯ ಒಂದಂಶವನ್ನು ಷೇರುಗಳಾಗಿ ತೆಗೆದುಕೊಳ್ಳಲು ಒಪ್ಪಿದರು. ಕೆಟ್ಟ ತಂತಿ ಮಾಡಿದರೆ ನಷ್ಟ ಮಾಡಿದವರಿಗೇ ತಟ್ಟುವ ಏರ್ಪಾಡು. ಎರಡು ಕಾರ್ಖಾನೆಗಳು ಎರಡು ಕಡೆಗೆ ಹೊಸೆಯುವ ಕಾಲ ಮುಗಿದಿತ್ತು.

ಇಡೀ ತಂತಿಯ ನಾಲ್ಕು ಸಾವಿರ ಟನ್ನಿಗೂ ಮೀರಿದ ಭಾರವನ್ನು ಹೊರಲು ಒಂದು ಹಡಗೂ ಸಿಕ್ಕಿತು. ಅದು ಇನ್ನೊಂದು ಉದ್ಯಮದ ಸೋಲಿನಿಂದ ಬಂದದ್ದು. ನಡುದಾರಿಯಲ್ಲಿ ಕಲ್ಲಿದ್ದಲು ತುಂಬಿಸದೆ ಪೂರ್ವದೇಶಗಳನ್ನು ಮುಟ್ಟಿ ಬರಬೇಕೆಂದು ಬ್ರೂನೆಲ್ ಎಂಬ ಮಹಾಶಿಲ್ಪಿ 692 ಅಡಿ ಉದ್ದದ ‘ಗ್ರೇಟ್ ಈಸ್ಟರ್ನ್’ ಹಡಗನ್ನು ಕಟ್ಟಿದ್ದನು. ಅದನ್ನು ನೀರಿಗಿಳಿಸುವುದರಲ್ಲಿಯೇ ಕಂಪೆನಿ ಬಡವಾಯಿತು. ಬ್ರೂನೆಲ್ 1859ರಲ್ಲಿ ಕಾಲವಾದನು. ತುಂಬುವಷ್ಟು ಪ್ರಯಾಣಿಕರಿಲ್ಲದೆ ಒಡೆಯರನ್ನೆಲ್ಲ ಮುಳುಗಿಸಿದ್ದ ಆ ಹಡಗನ್ನು ಡೇನಿಯಲ್ ಗೂಚ್ ಮತ್ತು ಅವನ ಸಂಗಡಿಗರು ಕೇವಲ 25,000 ಪೌಂಡಿಗೆ ಕೊಂಡು ತಂತಿಯ ಕೆಲಸಕ್ಕೆ ಒದಗಿಸಿದರು.

1865ರ ಜುಲೈಯಲ್ಲಿ ಹೊರಟ ಯಾತ್ರೆಯೂ ಸೋತಿತು. ಆಗಸ್ಟ್ 2ರಂದು, ಸುಮಾರು 1,200 ಮೈಲಿ ಹಾಸಿದ ಮೇಲೆ, ಹೊದಿಕೆಯ ದೋಷವೊಂದನ್ನು ಸರಿಪಡಿಸಲು ತಂತಿಯನ್ನು ಮೇಲೆಳೆಯುತ್ತಿದ್ದಾಗ ಅದು ತುಂಡಾಯಿತು. ಎರಡೂವರೆ ಮೈಲಿ ಆಳಕ್ಕೆ ಕೊಕ್ಕೆಯ ಹಗ್ಗವನ್ನು ಇಳಿಸಿ ಹಲವು ಬಾರಿ ತಂತಿಯನ್ನು ಹಿಡಿದರು; ಪ್ರತಿಸಲವೂ ಹಗ್ಗ ಹರಿಯಿತು. ಆರು ಲಕ್ಷ ಪೌಂಡುಗಳ ನಷ್ಟ. ಆದರೆ ಈ ಸೋಲನ್ನು 1858ರದರೊಡನೆ ಹೋಲಿಸಬೇಕು. ಆಗ ತಂತಿ ಏಕೆ ಸತ್ತಿತೆಂದು ಯಾರಿಗೂ ತಿಳಿದಿರಲಿಲ್ಲ. ತಮಗೆ ತೋಚಿದ್ದನ್ನು ಒಬ್ಬೊಬ್ಬರು ಹೇಳಿದರು. ಈಗ ಹಡಗಿನಲ್ಲಿದ್ದ ಎಲ್ಲರಿಗೂ ಕಾರಣ ಗೊತ್ತಿತ್ತು: ತಂತಿ ಸರಿ, ಹಡಗು ಸರಿ, ಮೇಲೆಳೆಯುವ ಯಂತ್ರ ಮತ್ತು ಹಗ್ಗ ಸಾಲವು. ಹಿಂದಿರುಗುವಾಗಲೇ ಇಂಜಿನಿಯರುಗಳು ಬದಲಾವಣೆಗಳನ್ನು ಬರೆಯತೊಡಗಿದ್ದರು. ಆ ವಿದ್ಯಾರ್ಥಿಯ ಪ್ರಶ್ನೆಗೆ ಚರಿತ್ರೆ ಕೊಡಬಲ್ಲ ಉತ್ತರ ಇದರಲ್ಲಿದೆಯೆಂದು ನನಗೆ ತೋರುತ್ತದೆ. ಎರಡು ಸೋಲುಗಳಲ್ಲಿ ನಷ್ಟದ ದೃಷ್ಟಿಯಿಂದ 1865ರದು ದೊಡ್ಡದು. ಹಿಡಿಯಬಹುದಾದ ಸೋಲು ಮಾತ್ರ ಅದೇ.

ಕಾನೂನಿನ ತೊಡಕೊಂದು ಎದುರಾಗಿ ಹಳೆಯ ಕಂಪೆನಿ ಹೊಸ ಷೇರುಗಳನ್ನು ಹೊರಡಿಸಲಾರದೆ ಹೋದಾಗ, ಫೀಲ್ಡನೂ ಗೂಚನೂ ಆಂಗ್ಲೋ-ಅಮೆರಿಕನ್ ಟೆಲಿಗ್ರಾಫ್ ಕಂಪೆನಿಯೆಂಬ ಹೊಸದೊಂದನ್ನು ಕಟ್ಟಿ ಆರು ಲಕ್ಷ ಪೌಂಡು ಕೂಡಿಸಿದರು. 1866ರ ಜುಲೈ 13ರಂದು ಗ್ರೇಟ್ ಈಸ್ಟರ್ನ್ ಹೊರಟು 27ರಂದು ನ್ಯೂಫೌಂಡ್‌ಲೆಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಹಳ್ಳಿಗೆ ತಂತಿ ಮುಟ್ಟಿಸಿತು. ಅಷ್ಟಕ್ಕೆ ನಿಲ್ಲದೆ, ಹಿಂದಿನ ವರ್ಷ ಕಳೆದುಹೋದ ತುದಿಯನ್ನು ಹುಡುಕಿ ಹೋದರು. ಸೆಪ್ಟೆಂಬರ್ 2ರ ಬೆಳಗಿನ ಜಾವ ತಂತಿ ಮೇಲೆ ಬಂದಿತು. ವಾಲೆನ್ಷಿಯಾದ ಕತ್ತಲೆಕೋಣೆಯಲ್ಲಿ, ಸತ್ತ ತಂತಿಯ ತುದಿಯ ಬಳಿ ಥಾಮ್ಸನ್ನನ ಕನ್ನಡಿಯನ್ನು ಒಂದು ವರ್ಷದಿಂದ ಸರದಿಯ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬನು, ನಿಶ್ಚಲವಾಗಿದ್ದ ಬೆಳಕಿನ ಚುಕ್ಕೆ ಸರಿದುದನ್ನು ಕಂಡನು. ಸೆಪ್ಟೆಂಬರ್ 8ಕ್ಕೆ ಎರಡನೆಯ ತಂತಿಯೂ ಪೂರ್ಣವಾಯಿತು.

ಕೆಲವು ದಿನಗಳ ಮೇಲೆ ಲ್ಯಾಟಿಮರ್ ಕ್ಲಾರ್ಕನು ಒಂದು ಪರೀಕ್ಷೆ ಮಾಡಿದನು. ಎರಡೂ ತಂತಿಗಳನ್ನು ಅಮೆರಿಕದ ತುದಿಯಲ್ಲಿ ಜೋಡಿಸಿ, ಬಟ್ಟೆ ಹೊಲಿಯುವಾಗ ಬೆರಳಿಗೆ ತೊಡುವ ಬೆಳ್ಳಿಯ ಟೋಪಿಯಲ್ಲಿ ಆಮ್ಲದ ಕೆಲವು ಹನಿಗಳನ್ನೂ ಸತುವಿನ ಚೂರನ್ನೂ ಹಾಕಿ ಬ್ಯಾಟರಿ ಮಾಡಿದನು. ಸಾಗರವನ್ನು ಹೋಗುತ್ತ ಬರುತ್ತ ಎರಡು ಸಲ ದಾಟಿ ಆ ಸಂಕೇತ ಸ್ಪಷ್ಟವಾಗಿ ಹಿಂದಿರುಗಿತು. ವೈಟ್‌ಹೌಸನ ಎರಡು ಸಾವಿರ ವೋಲ್ಟುಗಳಿಗೆ ಎಂಟು ವರ್ಷಗಳ ಅನಂತರ ಬಂದ ಪ್ರತ್ಯುತ್ತರ ಇದು.

ಮೊದಮೊದಲು ಇಪ್ಪತ್ತು ಶಬ್ದಗಳಿಗೆ 20 ಪೌಂಡು ಶುಲ್ಕವಿದ್ದರೂ ವರ್ತಕರು ಮುಗಿಬಿದ್ದರು. ಫೀಲ್ಡನು ತನ್ನ ಎರಡನೆಯ ದಿವಾಳಿಯ ಸಾಲಗಳನ್ನೂ ಬಡ್ಡಿ ಸಹಿತ ತೀರಿಸಿದನು. ಭಾರತದ ಮಟ್ಟಿಗೆ ಹೇಳುವುದಾದರೆ, ಆ ಪರೀಕ್ಷೆಗಳ ಫಲ ಮೊದಲು ದೊರೆತದ್ದು ನಮ್ಮ ಕಡೆಯ ಕಡಲಿಗೆ: ಬ್ರೈಟನೇ 1864ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಹಾಸಿದ ತಂತಿಯ ಮೂಲಕ ಮರುವರ್ಷ ಕರಾಚಿ ಯುರೋಪಿನೊಡನೆ ಕೂಡಿತು. 1870ರಲ್ಲಿ ಬಿಸಿಲಿನ ತಾಪ ತಡೆಯಲು ಬಿಳಿಯ ಬಣ್ಣ ಬಳಿಸಿಕೊಂಡ ಗ್ರೇಟ್ ಈಸ್ಟರ್ನ್ ಮುಂಬಯಿಗೆ ಬಂದು ಅಲ್ಲಿಂದ ಏಡನ್ ಕಡೆಗೆ ತಂತಿ ಹಾಸಿತು. ಪೂರ್ವದೇಶಕ್ಕೆಂದೇ ಕಟ್ಟಿದ ಹಡಗು ಪೂರ್ವಕ್ಕೆ ಬಂದದ್ದು ಹೀಗೆ, ಪ್ರಯಾಣಿಕರಿಲ್ಲದೆ. ಇಷ್ಟೆಲ್ಲ ತಂತಿಗಳ ಹೊದಿಕೆಗಾಗಿ ಮಲಯ ಮತ್ತು ಬೋರ್ನಿಯೋ ಕಾಡುಗಳಲ್ಲಿ ಗಟ್ಟಾಪರ್ಚಾ ಮರಗಳನ್ನು ಕಡಿದುರುಳಿಸಿದ್ದು ಬೇರೆಯೇ ಲೇಖನದ ವಿಷಯ.

ಫೀಲ್ಡನ ಕಥೆ 1866ಕ್ಕೆ ಮುಗಿಯುವುದಿಲ್ಲ. ಮುಂದೆ ಅವನು ನ್ಯೂಯಾರ್ಕಿನ ಬೀದಿಗಳ ಮೇಲೆ ಕಂಬಗಳನ್ನೂರಿ ಓಡಿಸುವ ರೈಲಿನ ಉದ್ಯಮಕ್ಕೆ ಕೈಹಾಕಿ ಅಲ್ಲಿಯೂ ಯಶಸ್ವಿಯಾದನು. ಆದರೆ ಆ ಕಂಪೆನಿಯ ಷೇರುಗಳ ಬೆಲೆ ಇನ್ನೂ ಏರುವುದೆಂದು ನಂಬಿ, ಸಾಲದ ಹಣದಿಂದ ಅವನ್ನು ಕೊಳ್ಳತೊಡಗಿದನು. ಬೆಲೆ ಅಲುಗಾಡಿದಾಗಲೂ ಬಿಡದೆ ಮತ್ತಷ್ಟು ಕೊಂಡನು. ಈ ಸಲ ಬ್ರೈಟನೂ ಇರಲಿಲ್ಲ, ಥಾಮ್ಸನ್ನನೂ ಇರಲಿಲ್ಲ, ಕಾರಣ ಕೇಳುವ ಸಮಿತಿಯೂ ಇರಲಿಲ್ಲ. 1887ರ ಜೂನ್ ತಿಂಗಳಲ್ಲಿ ಬೆಲೆ ಒಮ್ಮೆಲೆ ಕುಸಿಯಿತು. ಸಾಲ ತೀರಿಸಲೆಂದು ತನ್ನ ಷೇರುಗಳ ಬಹುಭಾಗವನ್ನು ಜೇ ಗೂಲ್ಡ್ ಎಂಬ ಧನಿಕನಿಗೆ ಬಿಟ್ಟುಕೊಡಬೇಕಾಯಿತು. ಅವನಿಗೆ ಆಗ ಅರುವತ್ತೇಳು ವರ್ಷ. 1892ರ ಜುಲೈ 12ರಂದು ಅವನು ತೀರಿಕೊಂಡಾಗ ಆ ದೊಡ್ಡ ಐಶ್ವರ್ಯದಲ್ಲಿ ಉಳಿದದ್ದು ಅತ್ಯಲ್ಪ. ಹಾರ್ಟ್ಸ್ ಕಂಟೆಂಟಿನ ಕಚೇರಿಯಲ್ಲಿ ಆ ದಿನವೂ ಸಂದೇಶಗಳು ಎಂದಿನಂತೆ ಬರುತ್ತಿದ್ದವು.